ಹಿಮ್ಮಡಿಯ ಗುರುತು

ಭಾನುವಾರ
ಕಾಲೇಜಿನ ಶಿಲ್ಪ ವಿಭಾಗದಿಂದ

ನನ್ನ ಅಕ್ಕನಿಗೆ, ಈಗ ಒಬ್ಬಳ ಅಮ್ಮನೂ ಆಗಿರುವ ನನ್ನ ಅಕ್ಕನಿಗೆ,

ಆ ವಾರ್ಡಿನೊಳಗೆ ಮಗುವಿನ ಅಪ್ಪ ಅಮ್ಮನ ಹೊರತು ನರಪಿಳ್ಳೆಯನ್ನೂ ಬಿಡುವುದಿಲ್ಲವಂತೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಭಾವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಬೆರಳಿಗೆಲ್ಲ ಮೇಣ ಮೆತ್ತಿಕೊಂಡು ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ. ಬೈದುಕೊಂಡಾದರೂ ಪೂರ್ತಿ ಓದು.

ಭಾವ ಎಲ್ಲ ಹೇಳಿದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ನಮ್ಮ ಇಲಿಮರಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಳೆ. ಪೆಟ್ಟಿಗೆಯ ಪಕ್ಕದಲ್ಲಿ ಕೈ ತೂರಿಸಲು ದುಂಡನೆಯ ಕಿಂಡಿಯಿದೆ. ಮುಟ್ಟಿ, ಅಮ್ಮ ಮುಟ್ಟಿದರೆ ಮಗುವಿಗೆ ಒಳ್ಳೆಯದು ಎಂದು ನರ್ಸ್ ಹೇಳಿ ಹೇಳಿ ಸೋತಿದ್ದಾರೆ. ನೀನು ಮಾತ್ರ ಕೈಗಳನ್ನು ಮಡಿಲಲ್ಲಿ ಬಿಗಿದುಕೊಂಡು ಕೂತಿದ್ದೀಯಂತೆ. “ಗಡಿಯಾರ ಆದ್ರೆ ಬಿಚ್ಚಿ ಮತ್ತೆ ಜೋಡಿಸ್ತೀನಿ. ಇವಳಿಗೆ ಏನಾದ್ರೂ ಆದ್ರೆ ಏನು ಮಾಡ್ಲಿ?” ಅಂದೆಯಂತೆ. ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಗಡಿಯಾರ ರಿಪೇರಿಯವಳು ನೀನು! ಆ ಕೈಗಳಿಗೇ ಭಯವೆಂದು ಕೇಳಿದ ಕೂಡಲೇ ಈ ಪತ್ರ ಬರೆಯಲು ಕೂತೆ.

ಬುದ್ಧಿ ಹೇಳಲು ನಾನ್ಯಾರು? ಸೂಜಿಗೆ ದಾರ ಪೋಣಿಸುವುದಕ್ಕೂ ನಿನ್ನನ್ನೇ ಕೂಗುತ್ತಿದ್ದವಳು. ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ.

ಕೊನೆಯ ಪರೀಕ್ಷೆಯ ಶಿಲ್ಪಕ್ಕಾಗಿ ನಿನ್ನ ಹೊಟ್ಟೆಯ ಅಚ್ಚು ತೆಗೆದ ದಿನ ನೆನಪಿದೆಯಾ? ಹೊಟ್ಟೆಗೆಲ್ಲ ವ್ಯಾಸಲೀನ್ ಸವರಿ, ಪ್ಲಾಸ್ಟರ್ ಪಟ್ಟಿಗಳನ್ನು ನೀರಿನಲ್ಲಿ ಅದ್ದಿ ಅದ್ದಿ ಹೊದಿಸಿದೆ. ಗಟ್ಟಿಯಾಗುವಾಗ ಪ್ಲಾಸ್ಟರ್ ತಾನಾಗಿಯೇ ಬೆಚ್ಚಗಾಗುತ್ತದೆ. “ಏಯ್, ಇದಕ್ಕೆ ಜೀವ ಬಂತು ಕಣೇ” ಎಂದು ನೀನು ನಗಲು ಶುರು ಮಾಡಿದೆ. ಅಷ್ಟರಲ್ಲಿ ಬಲಗಡೆ, ಪಕ್ಕೆಲುಬಿನ ಕೆಳಗೆ ಪಟ್ಟಿ ಉಬ್ಬಿತು. ಅಲ್ಲಾಡಬೇಡ ಎಂದು ನಾನು ಕಿರುಚಿದೆ. “ನಾನಲ್ಲ ಕಣೇ, ಒಳಗಿರೋರಿಗೆ ಹೇಳು” ಅಂದೆ. ಒಳಗಿದ್ದವರು ಕಾಲು ತೆಗೆಯಲಿಲ್ಲ. ಪ್ಲಾಸ್ಟರ್ ಹಾಗೆಯೇ ಬಿಗಿದುಕೊಂಡಿತು.

ಆಮೇಲೆ ಆ ಉಬ್ಬು ನನ್ನ ಕಣ್ಣಿಗೆ ಚುಚ್ಚತೊಡಗಿತು. ಎಂಥ ಚೆಂದದ ದುಂಡು, ಅದರ ಮೇಲೊಂದು ಬುಗುಟು! ಉಳಿದದ್ದೆಲ್ಲ ನಾನೆಣಿಸಿದ್ದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಭಾವನ ರಿಪೇರಿ ಅಂಗಡಿಗೆ ಬಂದ ಸುಟ್ಟ ಮೋಟಾರುಗಳಿಂದ ಬಿಚ್ಚಿದ ತಾಮ್ರದ ತಂತಿಯನ್ನು ಹೊರಮೈಗೆ ಸುತ್ತಿದೆ. ನಿನ್ನ ಹಳೆಯ ಹತ್ತಿ ಅಂಗಿಯನ್ನು ಕತ್ತರಿಸಿ, ಕರಗಿಸಿದ ಮೇಣದಲ್ಲಿ ಅದ್ದಿ ಒಳಮೈಗೆ ಮೆತ್ತಿದೆ. ಒಂದೊಂದಕ್ಕೂ ಒಂದೊಂದು ಹಠ ಅಕ್ಕಾ. ಮೇಣಕ್ಕೆ ಗೋಂದು ಹಿಡಿಯುವುದಿಲ್ಲ. ತಂತಿ ಎಳೆದ ಕಡೆ ಬರುವುದಿಲ್ಲ. ಒದ್ದೆ ಪ್ಲಾಸ್ಟರ್ ತಾಗಿದಲ್ಲೆಲ್ಲ ತಾಮ್ರ ಹಸಿರು ಕಾರುತ್ತದೆ. ಯಾವುದೂ ನನ್ನ ಮಾತು ಕೇಳಲಿಲ್ಲ. ಆದರೂ ಒಂದು ಸಂಜೆ ಒಳಗೆ ದೀಪ ಹಿಡಿದೆ ನೋಡು, ಮೇಣ ಕುಡಿದ ಆ ಬಟ್ಟೆ ಮೈಯ ಬಣ್ಣಕ್ಕೆ ತಿರುಗಿಬಿಟ್ಟಿತು. ಇದನ್ನು ನಾನೇ ಮಾಡಿದೆನಾ ಎಂದು ಬಾಯಿ ಬಿಟ್ಟುಕೊಂಡು ನಿಂತೆ.

ಆ ಉಬ್ಬಿದ ಜಾಗವೊಂದೇ ಬರಿದಾಗಿ ಉಳಿದಿತ್ತು. ಅದನ್ನು ಉಜ್ಜಿ ಸಮ ಮಾಡಿದ ಮೇಲೆ ಬಟ್ಟೆ, ತಂತಿ ಹಾಕುವುದೆಂದು ಬಿಟ್ಟಿದ್ದೆ. ಉಜ್ಜುಕಾಗದ ಕೈಯಲ್ಲಿ ಹಿಡಿದು ಕೂತಿದ್ದೇನೆ, ಭಾವನ ಫೋನು ಬಂತು. ಹುಟ್ಟಿದಳು, ತುಂಬ ಚಿಕ್ಕವಳು, ಉಸಿರಾಡಲು ಕಷ್ಟಪಡುತ್ತಿದ್ದಾಳೆ ಅಂದರು. ಏನು ಮಾಡಲೂ ತೋಚದೆ ಅಚ್ಚನ್ನು ಮಗುಚಿ ಒಳಗೆ ಕೈಯಾಡಿಸಿದೆ. ಹೊರಗಿನ ಉಬ್ಬು ಒಳಗಡೆ ಪುಟ್ಟ ಗುಳಿಯಾಗಿತ್ತು. ನನ್ನ ಹೆಬ್ಬೆರಳ ತುದಿ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಹಿಮ್ಮಡಿ, ಅಕ್ಕಾ! ನಿನ್ನ ಮಾಂಸ, ಚರ್ಮ, ನನ್ನ ಒದ್ದೆ ಪ್ಲಾಸ್ಟರು, ಎಲ್ಲವನ್ನೂ ಆಚೆ ತಳ್ಳಿ ನಿಂತ ಹಿಮ್ಮಡಿ. ವಸ್ತುವಿನ ಮೇಲೆ ಗುರುತು ಮೂಡಿಸುವುದನ್ನು ಕಲಿಯಲೆಂದೇ ನಾನು ಇಷ್ಟು ವರ್ಷ ಇಲ್ಲಿ ಮಣ್ಣು ಹೊತ್ತೆ. ಇವಳು ಲೋಕಕ್ಕೆ ಬರುವ ಮೊದಲೇ ಅದನ್ನು ಮಾಡಿ ಮುಗಿಸಿದ್ದಳು. ಅದನ್ನೇ ನಾನು ಉಜ್ಜಿ ಅಳಿಸಲು ಹೊರಟಿದ್ದೆ.

ಅಷ್ಟು ಬಲವಿರುವ ಕಾಲು ಅದು. ನಿನ್ನ ಬೆರಳು ತಾಗಿದರೆ ಮುರಿಯುವವಳಲ್ಲ ಅವಳು. ಹೆದರಬೇಡ ಎನ್ನುವುದಿಲ್ಲ, ಹೆದರಿಕೊಂಡೇ ಮುಟ್ಟು. ಒಂದು ಬೆರಳು ಸಾಕು. ಕಿಂಡಿಯೊಳಗೆ ತೂರಿಸಿ ಅವಳ ಅಂಗಾಲಿಗೆ ಆನಿಸಿ ಹಿಡಿ. ಅವಳು ತಳ್ಳುತ್ತಾಳೋ ಇಲ್ಲವೋ ನೋಡು. ನಾಳೆ ಏನೆಂದು ಡಾಕ್ಟರಿಗೂ ಗೊತ್ತಿಲ್ಲ, ನನಗೂ ಭಯವಾಗುತ್ತಿದೆ. ಆದರೆ ಇವತ್ತು ಅವಳಿದ್ದಾಳೆ, ನೀನು ಪಕ್ಕದಲ್ಲೇ ಕೂತಿದ್ದೀಯ.

ಚಿಕ್ಕಮ್ಮನಾದೆನೆಂದು ಊರೆಲ್ಲ ಹೇಳಿಕೊಂಡು ಬಂದಿರುವ,
ನಿನ್ನ ತಂಗಿ

ಇನ್ನೊಂದು ಮಾತು: ಭಾವನ ಚೀಲದಲ್ಲಿ ಹತ್ತಿ ಸುತ್ತಿದ ಪೊಟ್ಟಣವಿದೆ. ವಾರ್ಡಿನ ಹೊರಗೇ ಬಿಚ್ಚಿ, ಗುಳಿಯಲ್ಲಿ ನಿನ್ನ ಹೆಬ್ಬೆರಳಿಟ್ಟು ನೋಡು. ಆಮೇಲೆ ಕೈ ಚೆನ್ನಾಗಿ ತೊಳೆದುಕೊಂಡು ಒಳಗೆ ಹೋಗು. ಅದು ನಕಲಲ್ಲ, ಶಿಲ್ಪದಿಂದಲೇ ಗರಗಸದಲ್ಲಿ ಕೊಯ್ದು ತೆಗೆದದ್ದು. ನಾಳೆ ಪರೀಕ್ಷಕರು ಬರುತ್ತಾರೆ. ತೂತು ಬಿದ್ದ ಶಿಲ್ಪಕ್ಕೆ ಎಷ್ಟು ಅಂಕ ಕೊಡುತ್ತಾರೋ ಕೊಡಲಿ. ಇಲ್ಲಿ ಏನಿತ್ತು ಎಂದು ಕೇಳಿಯೇ ಕೇಳುತ್ತಾರೆ. ಒಂದು ಪುಟ್ಟ ಕಾಲಿತ್ತು, ಈಗ ಅವಳಮ್ಮನ ಕೈಯಲ್ಲಿದೆ ಎನ್ನುತ್ತೇನೆ. ನನ್ನ ಮಾತನ್ನು ಸುಳ್ಳು ಮಾಡಬೇಡ ಅಕ್ಕಾ.