ಸಂಡಿಗಿಪುರದ ಬೀಗ ತೆಗೆಯಿರಿ

ಕಂಪ್ಯೂಟರ್ ಆಟಗಳ ಕಂಪನಿಯ ಪರವಾನಗಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಕಳ್ಳಿಯಲ್ಲ. ಪತ್ರವನ್ನು ಈ ಮಾತಿನಿಂದ ಶುರು ಮಾಡಬೇಕಾಗಿ ಬಂದದ್ದಕ್ಕೆ ನನಗೇನೂ ನಾಚಿಕೆಯಿಲ್ಲ, ನಿಮಗಿರಬೇಕು. ಊರು ಕಟ್ಟುವ ನಿಮ್ಮ ಆಟವನ್ನು ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ, ಡಬ್ಬಿ ಸಮೇತ, ರಸೀದಿ ಸಮೇತ ಕೊಂಡು ತಂದವಳು ನಾನು. ಒಂದು ಒಳ್ಳೆಯ ಇಳಕಲ್ ಸೀರೆ ಬಿಟ್ಟುಕೊಟ್ಟು ತಂದೆ. ಈಗ ಆ ಆಟವನ್ನು ಹಚ್ಚಿದರೆ, 'ಈ ಪ್ರತಿಗೆ ಮೂರು ಕಂಪ್ಯೂಟರುಗಳ ಮಿತಿಯಿದೆ, ತಾವು ಅದನ್ನು ಮೀರಿದ್ದೀರಿ' ಎಂದು ಪರದೆಯ ಮೇಲೆ ಬರೆದು ನಿಮ್ಮ ಯಂತ್ರ ನನ್ನ ಮುಖಕ್ಕೆ ಕದ ಹಾಕುತ್ತದೆ. ಸ್ವಾಮಿ, ನಮ್ಮ ಮನೆಯಲ್ಲಿರುವುದೇ ಒಂದು ಕಂಪ್ಯೂಟರು!

ಒಂದು ಹೇಗೆ ನಾಲ್ಕಾಯಿತು ಎಂಬುದನ್ನು ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಕೇಳಿ. ನಮ್ಮ ಮನೆ ಹೊಸಪೇಟೆಯಲ್ಲಿ, ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಇಳಿಯುವ ರಸ್ತೆಯ ಬದಿಗಿದೆ. ಈಗ ಎರಡು ಸಾವಿರದ ಒಂಬತ್ತನೆಯ ಇಸವಿ. ಪರದೇಶದವರಿಗೆ ಕಬ್ಬಿಣದ ಹಸಿವು, ನಮಗೆ ಧೂಳಿನ ಊಟ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಅಕ್ಕಿ ಅಂಗಡಿಗೆ ಹೋಗುವ ನನ್ನ ಗಂಡ ಬಸವಕುಮಾರ್ ಸಂಜೆ ಇಟ್ಟಂಗಿ ಬಣ್ಣದ ಅಂಗಿಯಲ್ಲಿ ಮನೆಗೆ ಬರುತ್ತಾರೆ. ಹಿತ್ತಲಿನ ಕರಿಬೇವಿನ ಎಲೆಯನ್ನು ಮೂರು ನೀರಲ್ಲಿ ತೊಳೆಯದೆ ಒಗ್ಗರಣೆಗೆ ಹಾಕುವ ಹಾಗಿಲ್ಲ. ಆ ಕೆಂಪು ಧೂಳು ಕಂಪ್ಯೂಟರಿನ ಹೊಟ್ಟೆಗೂ ಹೋಗುತ್ತದೆ. ಫ್ಯಾನು ಗೊರಗೊರ ಅಂದು ನಿಲ್ಲುತ್ತದೆ, ಒಳಗಿನ ಬೋರ್ಡು ಸುಡುತ್ತದೆ, ರಿಪೇರಿಯ ಹಂಪೇಶ್ ಬಂದು ಹೊಸ ಬೋರ್ಡು ಕೂಡಿಸುತ್ತಾನೆ. ಅಷ್ಟಾದ ಕೂಡಲೇ ನಿಮ್ಮ ಆಟ 'ಇದು ಬೇರೆ ಕಂಪ್ಯೂಟರು' ಎಂದು ತೀರ್ಮಾನಿಸಿ ನನ್ನ ಲೆಕ್ಕದಿಂದ ಒಂದು ಕಳೆಯುತ್ತದೆ. ಹೀಗೇ ಮೂರೂ ಮುಗಿದವು. ಟೈರು ಬದಲಿಸಿದರೆ ಲಾರಿ ಬದಲಾಗುತ್ತದೆಯೇ? ನಮ್ಮತ್ತೆಗೆ ಹೋದ ವರ್ಷ ಹಲ್ಲಿನ ಸೆಟ್ಟು ಹಾಕಿಸಿದೆವು. ಅವರೇನು ಬೇರೆ ಅತ್ತೆ ಆಗಿಬಿಟ್ಟರೇ? ಹಾಗೆ ಆಗುವುದಿದ್ದರೆ ಒಂದು ಕಾಲದಲ್ಲಿ ನಾನೇ ಮುಂದೆ ನಿಂತು ನಾಲ್ಕು ಸೆಟ್ಟು ಹಾಕಿಸುತ್ತಿದ್ದೆ.

ನಿಮ್ಮ ಈ ಏರ್ಪಾಟಿಗೆ 'ಡಿಜಿಟಲ್ ಹಕ್ಕು ನಿರ್ವಹಣೆ' ಎಂದು ಹೆಸರಂತೆ. ಹಕ್ಕು ನಿಮ್ಮದು, ನಿರ್ವಹಣೆ ನಮ್ಮದು ಎಂದು ಅರ್ಥವಿರಬೇಕು. ಒಂದು ಮಾತು ಒಪ್ಪುತ್ತೇನೆ, ನಿಮ್ಮಷ್ಟು ಕಟ್ಟುನಿಟ್ಟಿನ ಅಧಿಕಾರಿಯನ್ನು ನಾವು ಈ ಭಾಗದಲ್ಲಿ ಕಂಡಿಲ್ಲ. ಇಲ್ಲಿ ಒಂದೇ ಪರ್ಮಿಟ್ಟು ಬೆಳಗಿನಿಂದ ಸಂಜೆಯ ತನಕ ಎಷ್ಟು ಲಾರಿಗಳ ಗಾಜಿನ ಮೇಲೆ ಕೂತು ಎದ್ದು ಹೋಗುತ್ತದೆ ಎಂದು ಚಹಾದಂಗಡಿಯಲ್ಲಿ ಜನ ಆಡಿಕೊಂಡು ನಗುತ್ತಾರೆ. ಗುಡ್ಡ ಗುಡ್ಡವೇ ಹೋಗುತ್ತಿದ್ದರೂ ಯಾರ ಯಂತ್ರವೂ ಕುಂಯ್ ಅನ್ನುವುದಿಲ್ಲ. ತಾವು ದಯಮಾಡಿ ಆ ಕೆಲಸ ಬಿಟ್ಟು ಸಂಡೂರಿನ ರಸ್ತೆಯ ಚೆಕ್‌ಪೋಸ್ಟಿಗೆ ಬಂದು ಕುಂದ್ರಿ. ಮೂರಕ್ಕಿಂತ ಹೆಚ್ಚು ಸಲ ಬಂದ ಪರ್ಮಿಟ್ಟಿಗೆ ಅಲ್ಲಿ ಕದ ಹಾಕಿ. ಗುಡ್ಡಗಳು ಉಳಿಯುತ್ತವೆ, ನಮ್ಮ ಬೋರ್ಡುಗಳೂ ಉಳಿಯುತ್ತವೆ. ಗೃಹಿಣಿಯೊಬ್ಬಳ ಆಟದ ಡಬ್ಬಿಯ ಮೇಲೆ ಇಂಥ ಪ್ರತಿಭೆಯನ್ನು ವ್ಯರ್ಥ ಮಾಡುವುದು ದೇಶಕ್ಕೇ ನಷ್ಟ.

ಹಾಗೆಂದು ನಿಮ್ಮ ಕಡೆಯ ನ್ಯಾಯ ನನಗೆ ತಿಳಿಯದೆಂದಲ್ಲ. ಕಂಪ್ಲಿಯಲ್ಲಿ ನಮ್ಮದೊಂದು ರೈಸ್‌ಮಿಲ್ಲಿದೆ. ನಮ್ಮ ಮಾವನವರು ಬದುಕಿದ್ದಾಗ, ನಮ್ಮ ಮಿಲ್ಲಿನ ಹೆಸರನ್ನೇ ಚೀಲದ ಮೇಲೆ ಅಚ್ಚು ಹಾಕಿಸಿ, ಒಳಗೆ ಕಲ್ಲು-ಹಳ್ಳು ತುಂಬಿದ ನುಚ್ಚಕ್ಕಿ ಸುರಿದು ಯಾರೋ ಮಾರಿದರು. ತುಂಬಿದ ಸಂತೆಯಲ್ಲಿ ಒಬ್ಬ ಹೆಣ್ಣುಮಗಳು ಮಾವನವರ ಅಂಗೈಗೆ ಹಳ್ಳು ಸುರಿದು, 'ತಿನ್ರಿ ಯಜಮಾನ್ರ, ನಿಮ್ಮ ಅಕ್ಕಿ' ಅಂದಳಂತೆ. ಮಾವನವರು ಎರಡು ದಿನ ಉಣ್ಣಲಿಲ್ಲ. ಆದ್ದರಿಂದ ನಕಲು ಎಂದರೇನು, ಅದು ಅಸಲಿ ಮಾಲು ಮಾಡಿದವನ ಹೊಟ್ಟೆಯ ಮೇಲೆ ಹೇಗೆ ಹೊಡೆಯುತ್ತದೆ ಎಂಬುದನ್ನು ನೀವು ನಮಗೆ ಹೇಳಿಕೊಡಬೇಕಾಗಿಲ್ಲ. ಆಟ ಮಾಡುವವರೂ ವರ್ಷಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡು ಕೂತಿರುತ್ತಾರೆ, ಅವರಿಗೂ ಮಕ್ಕಳುಮರಿ ಇರುತ್ತಾರೆ. ಆಟ ಬಂದ ವಾರವೇ ಬಸ್‌ಸ್ಟ್ಯಾಂಡಿನಲ್ಲಿ ಕದ್ದ ಸಿ.ಡಿ. ಬಟಾಣಿ ಹಾಗೆ ಮಾರಾಟವಾದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಬೀಗ ಇರಲಿ ಎಂದೇ ನಾನೂ ಅನ್ನುತ್ತೇನೆ. ನಾವೂ ಆಮೇಲೆ ಚೀಲದ ಬಾಯಿಗೆ ಬಣ್ಣದ ದಾರದ ಹೊಲಿಗೆ ಹಾಕಿಸಿದೆವು, ಒಳಗೊಂದು ಚೀಟಿ ಇಟ್ಟೆವು. ಆದರೆ ಚೀಲ ಕೊಂಡವರಿಗೆ, 'ಅನ್ನಕ್ಕೆ ಇಡುವ ಮುಂಚೆ ಮಿಲ್ಲಿಗೆ ಫೋನ್ ಮಾಡಿ ಅನುಮತಿ ತಗೊಳ್ರಿ, ಕುಕ್ಕರ್ ಬದಲಿಸಿದರೆ ಹೊಸ ಚೀಲ ತಗೊಳ್ರಿ' ಎಂದು ಹೇಳಲಿಲ್ಲ. ಹೇಳಿದ್ದರೆ ಕಂಪ್ಲಿಯ ಜನ ನಮ್ಮನ್ನು ಹೊಳೆಗೆ ನೂಕುತ್ತಿದ್ದರು.

ಒಂದು ಆಟಕ್ಕೆ ಇಷ್ಟೊಂದು ರಾದ್ಧಾಂತವೇ ಎಂದು ತಾವು ಕೇಳಬಹುದು. ಕೇಳಿ, ಅದಕ್ಕೇ ಬರೆಯುತ್ತಿದ್ದೇನೆ. ನನಗೂ ನಮ್ಮತ್ತೆ ಜಂಬಮ್ಮನವರಿಗೂ ಮಾತಿರಲಿಲ್ಲ. ಜಗಳ ಯಾವಾಗ, ಯಾವುದಕ್ಕೆ ಶುರುವಾಯಿತೋ ಇಬ್ಬರಿಗೂ ಸರಿಯಾಗಿ ನೆನಪಿಲ್ಲ. ರೊಟ್ಟಿ ದಪ್ಪಾಯಿತು ಎಂಬಲ್ಲಿಂದ ಎಂದು ನನ್ನ ಅಂದಾಜು. ಒಂದೇ ಅಡುಗೆಮನೆಯಲ್ಲಿ ನಿಂತು, ಇಬ್ಬರ ನಡುವೆ ನನ್ನ ಗಂಡನನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದೆವು. 'ಬಸವಾ, ಸಾರಿಗೆ ಉಪ್ಪು ಸಾಲಂಗಿಲ್ಲ ಅಂತ ಆಕಿಗೆ ಹೇಳಪ್ಪ.' 'ರೀ, ಉಪ್ಪಿನ ಡಬ್ಬಿ ಅಲ್ಲೇ ಐತಿ ಅಂತ ಅವರಿಗೆ ಹೇಳ್ರಿ.' ಪಾಪ, ಆ ಮನುಷ್ಯ ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂರಲು ಶುರು ಮಾಡಿದ್ದು ವ್ಯಾಪಾರ ಜಾಸ್ತಿಯಾಗಿ ಅಲ್ಲ.

ಒಂದು ಮಧ್ಯಾಹ್ನ ನಾನು ಮಿಲ್ಲಿನ ಲೆಕ್ಕ ಮುಗಿಸಿ ನಿಮ್ಮ ಆಟ ಹಚ್ಚಿಕೊಂಡು ಕೂತಿದ್ದೆ. ಒಂದು ದಿಬ್ಬದ ಮೇಲೆ ಸಾಲು ಮನೆ ಕಟ್ಟಿದ್ದೆ, ಒಂದರಲ್ಲೂ ಜನ ಬಂದು ಇರಲೊಲ್ಲರು. ಹಿಂದಿನಿಂದ ದನಿ ಬಂತು: 'ಅಲ್ಲಿಗೆ ನೀರು ಎಲ್ಲಿಂದ ಬರ್ತೈತಿ?' ತಿರುಗಿ ನೋಡಿದೆ, ಗಂಡ ಮನೆಯಲ್ಲಿರಲಿಲ್ಲ. ಅತ್ತೆ ಕೇಳಿದ್ದು ನನ್ನನ್ನೇ.

'ಎಲ್ಲಿಂದನೂ ಬರಂಗಿಲ್ರೀ ಅತ್ತಿ.'

'ನೀರಿಲ್ಲದಲ್ಲಿ ಮನಿ ಕಟ್ಟಿದ ಪುಣ್ಯಾತ್ಮ ಯಾರು?'

'ನಾನೇರಿ.'

'ಹೌದೌದು, ಮತ್ಯಾರು ಕಟ್ಟಬೇಕು' ಅಂದು ಸ್ಟೂಲು ಎಳೆದುಕೊಂಡು ಕೂತರು. ಅವತ್ತಿನಿಂದ ದಿನಾ ಮಧ್ಯಾಹ್ನ ನಾವಿಬ್ಬರೂ ಊರು ಕಟ್ಟಿದೆವು. ಮೌಸು ನನ್ನ ಕೈಯಲ್ಲಿ, ಅಧಿಕಾರ ಅವರ ಬಾಯಲ್ಲಿ. ಬಾವಿ ಎಲ್ಲಿ, ಶಾಲೆ ಎಲ್ಲಿ, ಆಸ್ಪತ್ರೆಯ ಬಾಗಿಲು ಯಾವ ಕಡೆ, ಎಲ್ಲ ಅವರದೇ ಆಜ್ಞೆ. ಒಂದೇ ಸಲ ದೊಡ್ಡ ಜಗಳವಾಯಿತು. ಊರ ಬಡಗಣ ದಿಕ್ಕಿಗೆ ಒಂದು ಅದಿರಿನ ಗುಡ್ಡವಿತ್ತು, ಗಣಿ ತೆರೆದರೆ ಖಜಾನೆ ತುಂಬುತ್ತಿತ್ತು. ನಾನು ತೆರೆಯಲು ಹೋದೆ. ಅತ್ತೆ ನನ್ನ ಕೈ ಹಿಡಿದುಬಿಟ್ಟರು. 'ಬ್ಯಾಡ. ಗಣಿ ಬಂದ್ರ ಲಾರಿ ಬರ್ತಾವ, ಲಾರಿ ಬಂದ್ರ ಧೂಳು ಬರ್ತೈತಿ. ಮಂದಿ ಸಂಡಿಗಿ ಎಲ್ಲಿ ಒಣಗಸ್ಬೇಕು?' ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ಇಂದಿನವರೆಗೆ ಯಾರೂ ಕೇಳಿಲ್ಲ. ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಸಂಜೆ ಕೆಂಪಗಾದ ಸಂಡಿಗೆಯನ್ನು ತಿಪ್ಪೆಗೆ ಸುರಿದು ಬಂದವರಿಗೆ ಮಾತ್ರ ಅದರ ಅರ್ಥ ಗೊತ್ತು. ಗಣಿ ತೆರೆಯಲಿಲ್ಲ. ಊರು ಬಡ ಊರಾಗಿಯೇ ಉಳಿಯಿತು, ಆದರೆ ಜನ ಬಂದರು, ಎಲ್ಲ ಮನೆಗಳೂ ತುಂಬಿದವು. ನನ್ನ ಗಂಡ ಅದಕ್ಕೆ 'ಸಂಡಿಗಿಪುರ' ಎಂದು ಹೆಸರಿಟ್ಟರು. ನಮ್ಮಿಬ್ಬರಿಗೂ ಸಿಟ್ಟು ಬಂತು, ಇಬ್ಬರೂ ಸೇರಿ ಅವರನ್ನು ಬೈದೆವು. ಅತ್ತೆ-ಸೊಸೆ ಸೇರಿ ಬೈದದ್ದು ಅದೇ ಮೊದಲು. ಅವರ ಮುಖ ನೋಡಬೇಕಿತ್ತು, ಸಂತೋಷಕ್ಕೆ ಇನ್ನೂ ನಾಲ್ಕು ಬೈಸಿಕೊಳ್ಳಲು ತಯಾರಿದ್ದರು.

ಆಟದೊಳಗೆ ನಾವು ಬರಗೊಡದ ಧೂಳು ಹೊರಗಿನಿಂದ ಬಂದು ಆ ಊರನ್ನು ಮುಚ್ಚಿತು, ಸ್ವಾಮಿ. ನಾಲ್ಕನೆಯ ಬೋರ್ಡು ಕೂಡಿಸಿದ ದಿನ ನಿಮ್ಮ ಯಂತ್ರ ಕದ ಹಾಕಿತು. ಊರು ಅಲ್ಲೇ ಡಿಸ್ಕಿನಲ್ಲಿ ಭದ್ರವಾಗಿದೆ, ಒಂದು ಮನೆಯೂ ಅಳಿದಿಲ್ಲ, ನಮ್ಮನ್ನು ಮಾತ್ರ ಒಳಗೆ ಬಿಡುವುದಿಲ್ಲ. ನಾನು ನಿಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಸಾಲಾಗಿ ಪತ್ರ ಬರೆದೆ. ಮೊದಲನೆಯದಕ್ಕೆ, 'ತಮ್ಮ ಪತ್ರ ನಮಗೆ ಅಮೂಲ್ಯ' ಎಂಬ ಉತ್ತರ ಬಂತು. ಎರಡನೆಯದಕ್ಕೂ ಅದೇ ಅಮೂಲ್ಯ. ಆಮೇಲೆ ಕಂಪ್ಯೂಟರಿನ ಫೋಟೋ ಕಳಿಸಿ ಎಂದಿರಿ. ಆಯುಧಪೂಜೆಯ ಮಾರನೆಯ ದಿನ, ವಿಭೂತಿ ಕುಂಕುಮ ಹಚ್ಚಿಕೊಂಡು, ಚೆಂಡುಹೂವಿನ ಮಾಲೆ ಹಾಕಿಕೊಂಡು ಕೂತಿದ್ದ ಅದರ ಫೋಟೋ ತೆಗೆದು ಕಳಿಸಿದೆ. 'ಚಿತ್ರದಲ್ಲಿರುವ ವಸ್ತು ಯಾವುದೆಂದು ಗುರುತಿಸಲಾಗಲಿಲ್ಲ' ಎಂದು ಉತ್ತರ ಬಂತು. ಕಡೆಯ ಉತ್ತರದಲ್ಲಿ, ಇನ್ನೊಂದು ಡಬ್ಬಿ ಕೊಂಡುಕೊಳ್ಳಬಹುದೆಂದು ಸಲಹೆ ಕೊಟ್ಟಿರಿ. ಕೊಳ್ಳುತ್ತೇನೆ, ತೊಂದರೆಯಿಲ್ಲ. ಇನ್ನೊಂದು ಮಳೆಗಾಲದೊಳಗೆ ಆ ಡಬ್ಬಿಯ ಮೂರೂ ಮುಗಿಯುತ್ತವೆ. ಆಮೇಲೆ? ನನ್ನದೇ ಊರಿಗೆ ನಾನು ಎಷ್ಟು ಸಲ ಟಿಕೀಟು ತೆಗೆಸಬೇಕು?

ಇಲ್ಲೇ ಒಂದು ಸುಲಭ ದಾರಿಯಿತ್ತು. ಹಂಪೇಶ್ ನನ್ನ ಗೋಳು ನೋಡಲಾರದೆ, 'ಅಕ್ಕಾರ, ಯಾಕ ತಲಿ ಕೆಡಿಸ್ಕೊಂತೀರಿ? ಬೀಗ ಮುರಿದ ಕಾಪಿ ಹಾಕ್ತೀನಿ, ಕ್ರ್ಯಾಕ್ ಅಂತಾರ. ಸಿ.ಡಿ.ನೂ ಬ್ಯಾಡ, ನೆಟ್ಟೂ ಬ್ಯಾಡ, ಜಲ್ದಿ ಓಪನ್ ಆಗ್ತೈತಿ. ನಿಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಅದೇ ಓಡ್ತೈತಿ' ಅಂದ. ನಿಜ ಹೇಳುತ್ತೇನೆ, ನಾನು ಹೂಂ ಅಂದುಬಿಟ್ಟಿದ್ದೆ. ನನ್ನ ದುಡ್ಡಿನಿಂದ ಕೊಂಡದ್ದನ್ನು ನಾನು ತೆರೆದರೆ ಅದು ಕಳವು ಹೇಗಾದೀತು? ಅಷ್ಟರಲ್ಲಿ ಅತ್ತೆ ಕೇಳಿದರು: 'ಅದು ಯಾರ ಮಾಲಪ್ಪ?'

'ಯಾರದೂ ಅಲ್ರೀ ಅಮ್ಮಾರ. ಇಂಟರ್‌ನೆಟ್ಟಿಂದು.'

'ಯಾರದೂ ಅಲ್ಲದ್ದು ನಮಗೂ ಬ್ಯಾಡ. ನಮ್ಮ ಯಜಮಾನ್ರ ಕೈಯಾಗ ಸಂತ್ಯಾಗ ಹಳ್ಳು ಹಾಕಿಸಿದವರೂ ಹಿಂಗ ಅಂದಿರಬೇಕು.'

ಹಂಪೇಶ್ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಎದ್ದ. ಈಗ ಲೆಕ್ಕ ನೋಡಿ. ಓಣಿಯಲ್ಲಿ ಕದ್ದ ಪ್ರತಿಯವರೆಲ್ಲ ಸುಖವಾಗಿ ಆಡುತ್ತಿದ್ದಾರೆ, ಅವರ ಪ್ರತಿಯಲ್ಲಿ ನಿಮ್ಮ ಬೀಗವೇ ಇಲ್ಲ. ಓಣಿಯಲ್ಲಿ ಬೀಗ ಬಿದ್ದಿರುವುದು, ರಸೀದಿ ಇಟ್ಟುಕೊಂಡ ಒಂದೇ ಮನೆಗೆ. ನಿಮ್ಮ ಮಾಲನ್ನು ಕದಿಯಲಾರೆ ಅಂದ ಒಬ್ಬ ಮುದುಕಿಯನ್ನು ಇಡೀ ಹೊಸಪೇಟೆಯಲ್ಲಿ ಹುಡುಕಿ ಹುಡುಕಿ ನೀವು ಹಿಡಿದಿದ್ದೀರಿ. ಭಾಳ ಛಲೋ ಕೆಲಸ ಮಾಡಿದಿರಿ!

ಆಟ ನಿಂತ ಮೇಲೆ ಮಾತೂ ನಿಂತಿತು. ಮಧ್ಯಾಹ್ನ ಅತ್ತೆ ತಮ್ಮ ಕೋಣೆಯಲ್ಲಿ, ನಾನು ನನ್ನ ಕೋಣೆಯಲ್ಲಿ. ಹೋದ ವಾರ ರೊಟ್ಟಿ ಮತ್ತೆ ದಪ್ಪಾಯಿತು. 'ಬಸವಾ, ಆಕಿಗೆ ಹೇಳಪ್ಪ' ಶುರುವಾಯಿತು. ದೋಣಿಮಲೈ ಗಣಿಯಲ್ಲಿ ಕೆಲಸದಲ್ಲಿರುವ ನನ್ನ ಮೈದುನ ಜಡೆಪ್ಪನಿಗೆ ಅತ್ತೆ ಈಗ ಫೋನ್ ಮಾಡಿಸಿದ್ದಾರೆ. 'ಇಲ್ಲಿ ನನಗೇನು ಕೆಲಸೈತಿ, ಬಂದು ಕರ್ಕೊಂಡು ಹೋಗು' ಅಂದರಂತೆ. ಅಲ್ಲಿನ ಕಂಪನಿ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಅವನಿಗೆ ಎರಡು ಮಕ್ಕಳು; ಆದರೂ ಅಮವಾಸ್ಯೆ ಕಳೆದು ಬರುತ್ತೇನೆ ಅಂದಿದ್ದಾನೆ. ಅತ್ತೆ ಸೀರೆಗಳನ್ನು ಮಡಿಚಿ ಟ್ರಂಕಿಗೆ ಇಟ್ಟಾಗಿದೆ. ಎರಡು ವರ್ಷದ ಹಿಂದಾಗಿದ್ದರೆ ಆ ಟ್ರಂಕನ್ನು ನಾನೇ ತಲೆಯ ಮೇಲೆ ಹೊತ್ತು ಬಸ್ಸಿಗೆ ಹಾಕಿ, ಬರುತ್ತ ಪೇಡೆ ತರುತ್ತಿದ್ದೆ. ಈಗ ಆ ಕೋಣೆಯ ಕಡೆ ನೋಡಲು ನನಗಾಗುತ್ತಿಲ್ಲ. ಅವರು ಹೋಗುವುದು ನನಗೆ ಬೇಡ. ಹಾಗೆಂದು ಮುಖಾಮುಖಿ ನಿಂತು ಹೇಳುವ ರೂಢಿ ನಮ್ಮಿಬ್ಬರಿಗೂ ಇಲ್ಲ. ನಮಗೆ ಬಾವಿ ಎಲ್ಲಿ, ಶಾಲೆ ಎಲ್ಲಿ ಎಂದು ವಾದ ಮಾಡುವುದಕ್ಕೆ ಬರುತ್ತದೆ, ಅಷ್ಟೆ. ಆ ವಾದಕ್ಕೆ ಜಾಗವಿದ್ದದ್ದು ನಿಮ್ಮ ಆಟದಲ್ಲಿ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಮೂರು ಕಂಪ್ಯೂಟರುಗಳ ಮಿತಿಯನ್ನು ತೆಗೆದುಹಾಕಿ. ಅದಾಗದಿದ್ದರೆ ಸುಟ್ಟ ಬೋರ್ಡನ್ನು ಹೊಸ ಕಂಪ್ಯೂಟರ್ ಎಂದು ಎಣಿಸುವುದನ್ನಾದರೂ ಬಿಡಿ. ಅದೂ ಆಗದಿದ್ದರೆ, ಉತ್ತರ ಬರೆಯುವ ಜಾಗದಲ್ಲಿ ಯಂತ್ರವನ್ನು ಎಬ್ಬಿಸಿ ಒಬ್ಬ ಮನುಷ್ಯನನ್ನು ಕೂಡಿಸಿ, ಆತ ಬೇಕಾದರೆ ನನಗೆ ಬೈಯಲಿ. ಅಮವಾಸ್ಯೆಯ ಒಳಗೆ ಸಂಡಿಗಿಪುರದ ಬೀಗ ತೆಗೆಯಿರಿ. ನಾಳೆ ನಿಮ್ಮ ಕಂಪನಿಯೇ ಮುಚ್ಚಿಹೋದರೆ, ಹೀಗೆ ಕಾಸು ಕೊಟ್ಟು ಕೊಂಡ ಎಷ್ಟು ಜನರ ಊರುಗಳು ಒಳಗೇ ಉಳಿಯುತ್ತವೆ, ಕೀಲಿಕೈ ಯಾರಿಗೆ ಕೊಟ್ಟು ಹೋಗುತ್ತೀರಿ, ಅದನ್ನೂ ತಿಳಿಸಿ.

ನೀವು ಇದನ್ನು ಓದುವುದಿಲ್ಲ ಎಂದು ನನಗೆ ಗೊತ್ತಿದೆ. ನಿಮಗೆ ಕನ್ನಡ ಬರುವುದಿಲ್ಲ, ಈ ಪತ್ರ ಅಚ್ಚಾಗುವ ಪತ್ರಿಕೆ ನಿಮ್ಮ ಮೇಜಿಗೆ ಬರುವುದೂ ಇಲ್ಲ. ಅದು ಬರುವುದು ನಮ್ಮ ಮನೆಗೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅದನ್ನು ಎತ್ತಿಕೊಂಡು, ಕನ್ನಡಕ ಒರೆಸಿಕೊಂಡು, ಒಂದಕ್ಷರ ಬಿಡದೆ ಓದುವವರು ನಮ್ಮತ್ತೆ.

ಅತ್ತೀ, ಹೋಗಬ್ಯಾಡ್ರಿ. ಇಲ್ಲೇ ಇರ್ರಿ.

ಇಂತಿ,
ತನ್ನೂರಿನ ಹೊರಗೆ ನಿಂತಿರುವ,
ಗಂಗಾಂಬಿಕಾ
ಜಂಬಮ್ಮನವರ ಸೊಸೆ, ಹೊಸಪೇಟೆ