ದೀಪಸ್ತಂಭದ ಮುಂದೆ ಒಂದು ಬಂಡೆ

ಅಪ್ಪಾ,

ನೀನು ಓದುವುದಿಲ್ಲವೆಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಇವತ್ತು ನಿನ್ನನ್ನು ಬಂಡೆ ಮಾಡಿದೆ.

ದೀಪಸ್ತಂಭದ ಮುಂದೆ ನಾವು ಮೂವರೂ ಇರುವ ಫೋಟೋ ನೆನಪಿದೆಯಲ್ಲ? ಅದನ್ನು ಉಲ್ಲನ್ ಕಸೂತಿಯಲ್ಲಿ ಹೊಲಿಯಬೇಕೆಂದು ಅಮ್ಮನಿಗೆ ಆಸೆ. ಹೊಲಿಯುವವಳು ಅವಳು, ಕ್ಯಾನ್ವಾಸಿನ ಮೇಲೆ ನಕ್ಷೆ ಬರೆದುಕೊಡುವವಳು ನಾನು. ದೀಪಸ್ತಂಭದ ಕೆಂಪು ಪಟ್ಟೆಗಳನ್ನು ಬರೆದೆ, ಸಮುದ್ರ ಬರೆದೆ, ಅಮ್ಮನನ್ನು ಬರೆದೆ. ನಿನ್ನನ್ನು ಕೈಬಿಟ್ಟೆ. ಬಿಟ್ಟುಹೋಗುವ ವಿದ್ಯೆ ನಿನಗೊಬ್ಬನಿಗೇ ಬರುತ್ತದೆ ಅಂದುಕೊಂಡಿದ್ದೆಯಾ?

ಆದರೆ ಫೋಟೋದಲ್ಲಿ ನಾನು ಕೂತಿರುವುದು ನಿನ್ನ ಹೆಗಲ ಮೇಲೆ. ನೀನಿಲ್ಲದೆ ಗಾಳಿಯಲ್ಲಿ ನೇತಾಡುತ್ತಿದ್ದೆ. ಅದಕ್ಕೇ ನಿನ್ನ ಜಾಗದಲ್ಲಿ ಬಂಡೆ ಬರೆದೆ.

ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

“ಇದೇ ಸರಿ ಬಿಡು. ಬಂಡೆ ಆದ್ರೆ ಇದ್ದಲ್ಲೇ ಇರುತ್ತೆ,” ಅಂದಳು.

ಆಮೇಲೆ ಬೀರುವಿನಿಂದ ನಿನ್ನ ಬೂದು ಸ್ವೆಟರ್ ತೆಗೆದಳು. ನೀನು ಮನೆ ಬಿಟ್ಟಾಗಿನಿಂದ ನನಗೆ ಮುಟ್ಟಲೂ ಕೊಡದ ಸ್ವೆಟರ್ ಅದು. ತೋಳಿನ ತುದಿ ಕತ್ತರಿಸಿ ಎಳೆ ಬಿಚ್ಚತೊಡಗಿದಳು.

“ಬಂಡೆಗೆ ಈ ಬಣ್ಣ ಹೊಂದುತ್ತೆ. ಏನು ನೋಡ್ತಾ ಇದ್ದೀಯ? ಉಂಡೆ ಸುತ್ತು.”

ಸುತ್ತಿದೆ. ಹೊಟ್ಟೆ ತಣ್ಣಗಾಯಿತು. ನೀನು ನೋಡಬೇಕಿತ್ತು.

ಒಂದೇ ತೊಂದರೆ. ಫೋಟೋದಲ್ಲಿ ನನ್ನ ಎರಡೂ ಕೈ ನಿನ್ನ ಕೂದಲನ್ನು ಬಿಗಿಯಾಗಿ ಹಿಡಿದಿವೆ. ಅವನ್ನು ಅಳಿಸಿ ಬೇರೆ ಎಲ್ಲಿ ಬರೆದರೂ ಮಗು ಬೀಳುವಂತೆ ಕಾಣುತ್ತಿತ್ತು. ಕೊನೆಗೆ ಕೈಗಳನ್ನು ಇದ್ದಲ್ಲೇ ಬಿಟ್ಟು, ಬಂಡೆಯ ನೆತ್ತಿಯ ಮೇಲೆ ಒಂದು ಹಿಡಿ ಹುಲ್ಲು ಬರೆದೆ.