ಆಣೆ ಮಾಡಿದ ಬಾಯಿ

ಬಸರೀಕಟ್ಟೆ
17-11-2024

ಪ್ರೀತಿಯ ತಂಗಿ ವನಮಾಲಾಗೆ ಅಕ್ಕ ಮಾಡುವ ಆಶೀರ್ವಾದ.

ನಾವಿಲ್ಲಿ ಇದ್ದೇವೆ. ಕೆರೆಕಟ್ಟೆಯಲ್ಲಿ ನೀವೆಲ್ಲ ಹೇಗಿದ್ದೀರಿ? ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಸರಿ ಮಾಡಿಕೊಂಡು ಓದು. ಹೋದ ತಿಂಗಳು ಫೋನ್ ಮಾಡಿದಾಗ ನೀನು ಯಾರು ಯಾರು ಅಂತ ಎರಡು ಸಲ ಕೇಳಿ ಇಟ್ಟುಬಿಟ್ಟೆ. ಅದು ನಾನೇ. ನನ್ನ ಬಾಯಿ ಈಗ ನಾನು ಹೇಳಿದ ಹಾಗೆ ಕೇಳುವುದಿಲ್ಲ.

ಬಲಗಡೆ ದವಡೆಯ ಒಳಗೆ ಒಂದು ಗಂಟು. ಕೆಳತುಟಿ ಅರ್ಧ ಸತ್ತಿದೆ. ಚಾ ಕುಡಿಯುವಾಗ ಲೋಟ ಅರ್ಧ ಮುರಿದಿದೆ ಅನ್ನಿಸುತ್ತದೆ, ತೆಗೆದು ನೋಡಿದರೆ ಇಡಿಯಾಗಿಯೇ ಇರುತ್ತದೆ. ಒಂದು ದಿನ ತೋಟದಲ್ಲಿ ನಮ್ಮೂರಿನ ಭೈರಮ್ಮ ನನ್ನ ಗಲ್ಲದ ರಕ್ತ ತೋರಿಸಿದಳು. ತುಟಿ ಕಚ್ಚಿಕೊಂಡಿದ್ದು ನನಗೇ ಗೊತ್ತಿರಲಿಲ್ಲ.

"ಬನದಲ್ಲಿ ಆಣೆ ಮಾಡಿದ ಬಾಯಲ್ಲನ ಮಾರಾಯ್ತಿ, ಎಂತಾರು ಹೆಚ್ಚುಕಮ್ಮಿ ಹೇಳಿದ್ಯಾ?" ಅಂತ ನಗುತ್ತಲೇ ಕೇಳಿದಳು. ಅವತ್ತಿನಿಂದ ನನಗೆ ಊಟ ಸೇರಲಿಲ್ಲ.

ಅಮ್ಮ ಹೋದ ಮೇಲೆ ಅವಳ ಮಾತ್ರೆ ತಪ್ಪಿದ್ದು ಯಾರಿಂದ ಎಂದು ಆಣೆ ಮಾಡಿಸಲು ಅಪ್ಪ ನಮ್ಮಿಬ್ಬರನ್ನೂ ಭೂತದ ಬನಕ್ಕೆ ಕರೆದುಕೊಂಡು ಹೋಗಿದ್ದು ನಿನಗೆ ನೆನಪಿರಬೇಕು. ನಿನಗೆ ಆಗ ಹನ್ನೊಂದು. ಅಮ್ಮನಿಗೆ ಮಧ್ಯಾಹ್ನದ ಮಾತ್ರೆ ಕೊಡಲು ತಂಗಿಗೆ ಹೇಳಿಯೇ ಕೆಲಸಕ್ಕೆ ಹೋಗಿದ್ದೆ ಎಂದು ನಾನು ಕಲ್ಲು ಮುಟ್ಟಿ ಹೇಳಿದೆ. ನೀನು ಅಳುತ್ತಾ, ಹಾಗಾದರೆ ನಾನೇ ಮರೆತೆ ಅಂದೆ.

ಹಲ್ಲಿನದ್ದೇ ಆಗಿರಲಿ ಎಂದು ಕೊಪ್ಪದಲ್ಲಿ ಹಟ ಮಾಡಿ ಒಂದು ಹಲ್ಲು ಕೀಳಿಸಿದೆ. ಹಲ್ಲು ಚೆನ್ನಾಗಿಯೇ ಇತ್ತು. ಆಮೇಲೆ ಮಂಗಳೂರಿಗೆ ಕಳಿಸಿದರು. ಅಲ್ಲಿ ಡಾಕ್ಟರ್ ಸುಂದರೇಶ್ ಗಂಟು ಒತ್ತಿದರೆ ತುಟಿಯವರೆಗೆ ಕರೆಂಟು ಹೊಡೆಯಿತು. ಸ್ಕ್ಯಾನಿನಲ್ಲಿ ನರ ಹೋಗುವ ದಾರಿ ಒಂದು ಕಡೆ ಮೊಟ್ಟೆಯ ಹಾಗೆ ಉಬ್ಬಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿ ಹದಿನೈದು ದಿನ ಕಾಯಿಸಿದರು. ನರದ ಮೇಲಿನ ಪೊರೆಯಲ್ಲಿ ಬೆಳೆದ ಗಂಟಂತೆ, ದವಡೆಯೊಳಗೆ ಬಹಳ ಅಪರೂಪವಂತೆ, ಕ್ಯಾನ್ಸರ್ ಅಲ್ಲವಂತೆ. ಎಷ್ಟು ವರ್ಷದ್ದು ಎಂದು ಕೇಳಿದೆ.

"ಮೆಲ್ಲಗೆ ಬೆಳೆಯೋದು ಇದು. ಹತ್ತು ಹನ್ನೆರಡು ವರ್ಷದಿಂದ ಇದ್ದಿರಬಹುದು."

ಅಮ್ಮ ಹೋಗಿ ಹನ್ನೆರಡು.

ಆಣೆಯಿಂದ ಹೀಗಾಗುತ್ತದಾ ಸಾರ್ ಅಂದೆ. ಅವರು ನಕ್ಕು ಇಲ್ಲ ಅಂದರು. ಮನೆಯವರೆಲ್ಲ ಬಚಾವಾದೆ ಎಂದು ಖುಷಿಪಟ್ಟರು. ನನಗೆ ಮಾತ್ರ ಹೆದರಿಕೆ ಹೆಚ್ಚಾಯಿತು. ಇದು ಶಿಕ್ಷೆ ಅಲ್ಲವಾದರೆ ನನ್ನದು ಇನ್ನೂ ಶುರುವೇ ಆಗಿಲ್ಲ.

ಗುರುವಾರ ಆಪರೇಷನ್. ನರ ಉಳಿಸಲು ನೋಡುತ್ತಾರಂತೆ, ತುಟಿಗೆ ಜೀವ ಬರುವ ಖಾತ್ರಿ ಇಲ್ಲವಂತೆ. ನಿನಗೂ ಮಗುವಿಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ ಅಕ್ಕ,
ರೇಖಾ

ಮತ್ತೆ: ಮಗುವಿಗೆ ಔಷಧಿ ಕೊಡುವಾಗ ನೀನು ಗಂಡನನ್ನು ಕರೆದು ಕೊಟ್ಟೆನಾ ಎಂದು ಮೂರು ಸಲ ಕೇಳುತ್ತೀಯಂತೆ, ನಿನ್ನ ನೆನಪನ್ನು ನೀನೇ ನಂಬುವುದಿಲ್ಲವಂತೆ. ವನಮಾಲಾ, ಅವತ್ತು ಮಾತ್ರೆಯ ವಿಷಯ ನಾನು ನಿನಗೆ ಹೇಳಿರಲೇ ಇಲ್ಲ. ನೀನು ಏನನ್ನೂ ಮರೆತಿಲ್ಲ.